ಹಳೇ ಊರು, ಹೊಸ ಗೋಡೆ: ಪೋಲೆಂಡ್ ಪ್ರವಾಸಕ್ಕೆ ಮುನ್ನ ಒಂದಿಷ್ಟು ಚರಿತ್ರೆ

ಜರ್ಮನಿಯಲ್ಲಿರುವ ನಮಗೆ ಪೋಲೆಂಡ್ ಪಕ್ಕದ ಮನೆಯಿದ್ದಂತೆ. ಬರ್ಲಿನ್ನಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ವಾರ್ಸಾ. ಆದರೂ ಮಕ್ಕಳಿಗೆ ರಜೆ ಬಂತೆಂದರೆ ನಮ್ಮ ಬಾಯಲ್ಲಿ ಬರುವುದು ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್. ಪೋಲೆಂಡಿಗೆ ಹೊರಡುವ ಕೆಲವರು ಕೂಡ ನಾಲ್ಕು ದಿನದಲ್ಲಿ ನಾಲ್ಕು ಊರು ಮುಗಿಸುವ ಲೆಕ್ಕ ಹಾಕುತ್ತಾರೆ. ನಾಲ್ಕು ದಿನಕ್ಕೆ ಎರಡೇ ಊರು ಸಾಕು ಎಂಬುದು ನನ್ನ ಅಭಿಪ್ರಾಯ: ಮೊದಲು ಕ್ರಾಕೂಫ್, ಆಮೇಲೆ ವಾರ್ಸಾ. ಹೀಗೆ ಹೇಳಲು ಚಾರಿತ್ರಿಕ ಕಾರಣವಿದೆ.

ಕ್ರಾಕೂಫ್ ನಿಜಕ್ಕೂ ಹಳೆಯ ಊರು. ಒಂದೊಂದು ಬದಿಯೂ ಸುಮಾರು 200 ಮೀಟರ್ ಇರುವ ಅಲ್ಲಿನ ಮುಖ್ಯ ಚೌಕ 1257ರ ನಗರ ಸನ್ನದಿನ ಕಾಲದ ವಿನ್ಯಾಸದಲ್ಲೇ ಇಂದಿಗೂ ಉಳಿದಿದೆ. ವಿಶ್ವವಿದ್ಯಾಲಯ ಶುರುವಾದದ್ದು 1364ರಲ್ಲಿ. ಕೋಪರ್ನಿಕಸ್ ಓದಿದ್ದು ಇಲ್ಲೇ. ಯುದ್ಧಕಾಲದಲ್ಲಿ ನಾಜಿ ಆಡಳಿತಗಾರ ಹಾನ್ಸ್ ಫ್ರಾಂಕ್ ವಾವೆಲ್ ಕೋಟೆಯಲ್ಲೇ ಬಿಡಾರ ಹೂಡಿದ್ದ. ಕಟ್ಟಡಗಳು ಹೆಚ್ಚುಕಡಿಮೆ ಉಳಿದುಕೊಂಡವು, ಜನ ಉಳಿಯಲಿಲ್ಲ. 1939ರ ನವೆಂಬರ್ 6ರಂದು ಸಭೆಯೆಂದು ಕರೆಸಿ, 180ಕ್ಕೂ ಹೆಚ್ಚು ಪ್ರಾಧ್ಯಾಪಕರು ಮತ್ತಿತರರನ್ನು ಬಂಧಿಸಲಾಯಿತು. ಊರಿನ ಯಹೂದಿಗಳ ಕಥೆ ಇನ್ನೂ ಘೋರ. ಅವರ ಹಳೆಯ ಬಡಾವಣೆ ಕಾಝಿಮಿಯೆಷ್‌ನಲ್ಲಿ ಸಿನಗಾಗ್‌ಗಳು ನಿಂತಿವೆ, ಪ್ರಾರ್ಥಿಸುವವರು ಬೆರಳೆಣಿಕೆಯಷ್ಟು.

ಕ್ರಾಕೂಫ್‌ನಿಂದ ಎರಡೂವರೆ ಗಂಟೆಯ ರೈಲು ಪ್ರಯಾಣ ಮಾಡಿ ವಾರ್ಸಾದ ಹಳೇ ಪಟ್ಟಣಕ್ಕೆ ಬಂದಾಗ ಕಣ್ಣಿಗೆ ಬೀಳುವುದೂ ಅಂಥದ್ದೇ ನೋಟ: ಬಣ್ಣದ ಮನೆಗಳು, ಕಲ್ಲುಹಾಸು, ಕಮಾನು ಬಾಗಿಲು. ಆದರೆ ಈ ಚೌಕ ಜನರಿಗೆ ಮತ್ತೆ ತೆರೆದದ್ದು 1953ರ ಜುಲೈನಲ್ಲಿ. ನಮ್ಮ ವಿಧಾನಸೌಧ ಮುಗಿದದ್ದು 1956ರಲ್ಲಿ. ಹೆಚ್ಚುಕಡಿಮೆ ಒಂದೇ ವಯಸ್ಸು.

1944ರ ಆಗಸ್ಟ್ 1ರಂದು ವಾರ್ಸಾದ ಜನ ದಂಗೆಯೆದ್ದರು. 63 ದಿನ ಹೋರಾಡಿ ಸೋತರು. ಆಮೇಲೆ ನಡೆದದ್ದು ಯುದ್ಧವಲ್ಲ, ಊರು ಅಳಿಸುವ ಕೆಲಸ. ಉಳಿದ ಜನರನ್ನು ಹೊರಗಟ್ಟಿ, ಜರ್ಮನ್ ತುಕಡಿಗಳು ಬೀದಿ ಬೀದಿಗೆ ಬೆಂಕಿಯಿಟ್ಟವು, ಅರಮನೆಗೆ ಮದ್ದು ತುಂಬಿ ಉಡಾಯಿಸಿದವು. 1945ರ ಜನವರಿಯಲ್ಲಿ ಜನ ಮರಳಿದಾಗ ನಗರದ ಸುಮಾರು 85 ಶೇಕಡಾ ಭಾಗ ನಾಶವಾಗಿತ್ತು.

ಹಾಳುಬಿದ್ದದ್ದನ್ನು ಬಿಟ್ಟು ರಾಜಧಾನಿಯನ್ನೇ ಬೇರೆಡೆಗೆ ಒಯ್ಯುವ ಮಾತೂ ಆಗ ಇತ್ತು. ಆದರೆ ಯಾನ್ ಜಖ್ವಾತೋವಿಚ್ ಮುಂತಾದ ವಾಸ್ತುತಜ್ಞರು ಇದ್ದದ್ದನ್ನು ಇದ್ದಂತೆಯೇ ಕಟ್ಟಬೇಕೆಂದು ಹಟಹಿಡಿದರು. ಅವರ ಕೈಯಲ್ಲಿ ಎರಡು ಆಧಾರಗಳಿದ್ದವು. ಒಂದು, ತಾಂತ್ರಿಕ ವಿಶ್ವವಿದ್ಯಾಲಯದವರು ಅಳತೆ ಹಿಡಿದು ಬರೆದಿಟ್ಟು, ನಾಜಿಗಳ ಕಣ್ಣು ತಪ್ಪಿಸಿ ಉಳಿಸಿಕೊಂಡಿದ್ದ ನಕ್ಷೆಗಳು. ಇನ್ನೊಂದು, 18ನೇ ಶತಮಾನದ ಆಸ್ಥಾನ ಚಿತ್ರಕಾರ ಬೆರ್ನಾರ್ದೊ ಬೆಲ್ಲೊತ್ತೊ ಬರೆದ ನಗರದ ಚಿತ್ರಗಳು. ಬೆಲ್ಲೊತ್ತೊ ಅಲ್ಲಲ್ಲಿ ಇಲ್ಲದ ಅಂದವನ್ನು ಸೇರಿಸಿದ್ದನೆನ್ನುತ್ತಾರೆ. ಹಾಗಾಗಿ ಕೆಲವು ಮನೆಗಳು ಯುದ್ಧದ ಮುಂಚೆ ಇದ್ದುದಕ್ಕಿಂತ ಈಗಲೇ ಚೆಂದ! 1980ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆ ಮಾತ್ರ ಕಾದಿತ್ತು. ಅದು ಜನರಿಗೆ ತೆರೆದದ್ದು 1984ರಲ್ಲಿ.

ಬಹಳಷ್ಟು ಪ್ರವಾಸಿಗಳು ಇಲ್ಲಿಂದಲೇ ವಾಪಸಾಗುತ್ತಾರೆ. ದಯವಿಟ್ಟು ಇನ್ನೂ ಇಪ್ಪತ್ತು ನಿಮಿಷ ಪಶ್ಚಿಮಕ್ಕೆ ನಡೆಯಿರಿ. ಸಿಗುವುದು ಮುರಾನೂಫ್ ಎಂಬ ಬಡಾವಣೆ: ಸಾಧಾರಣ ಫ್ಲಾಟುಗಳು, ಮರಗಳು, ಆಡುವ ಮಕ್ಕಳು. ಕೆಲವು ಕಟ್ಟಡಗಳು ದಿಬ್ಬದ ಮೇಲೆ ನಿಂತಿವೆ, ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಆ ದಿಬ್ಬ ಯಹೂದಿ ಘೆಟ್ಟೋದ ಅವಶೇಷ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಗೋಡೆಯೊಳಗೆ ಕೂಡಿಹಾಕಿ, 1942ರ ಬೇಸಿಗೆಯಲ್ಲಿ ಬಹುಪಾಲು ಮಂದಿಯನ್ನು ಟ್ರೆಬ್ಲಿಂಕಾಗೆ ಸಾಗಿಸಿ ಕೊಂದರು. 1943ರ ಏಪ್ರಿಲ್ 19ರಂದು ಉಳಿದವರು ತಿರುಗಿಬಿದ್ದಾಗ ಮನೆಮನೆಗೂ ಬೆಂಕಿ ಹಚ್ಚಿದರು. ಯುದ್ಧಾನಂತರ ಇಟ್ಟಿಗೆಪುಡಿಯನ್ನು ಸಾಗಿಸಲಾರದೆ ಅದರ ಮೇಲೆಯೇ ಹೊಸ ಬಡಾವಣೆ ಎದ್ದಿತು. ಹಳೇ ಪಟ್ಟಣವನ್ನು ಕಿಟಕಿಯ ಚೌಕಟ್ಟಿನವರೆಗೆ ನೆನಪಿಟ್ಟು ಕಟ್ಟಿದರು. ಈ ಬೀದಿಗಳನ್ನು ಹಾಗೆ ಕಟ್ಟಿಕೊಡಿ ಎಂದು ಕೇಳುವವರೇ ಬಹುತೇಕ ಉಳಿದಿರಲಿಲ್ಲ. 1970ರ ಡಿಸೆಂಬರ್ 7ರಂದು ಜರ್ಮನ್ ಚಾನ್ಸಲರ್ ವಿಲ್ಲಿ ಬ್ರಾಂಟ್ ಮಂಡಿಯೂರಿದ್ದು ಇಲ್ಲಿಯ ಸ್ಮಾರಕದ ಮುಂದೆ. ನಮ್ಮ ಮಕ್ಕಳು ಶಾಲೆಯಲ್ಲಿ ಆ ಫೋಟೊ ನೋಡಿರುತ್ತಾರೆ. ಎದುರಿಗೇ ಇರುವ ಪೋಲಿನ್ ವಸ್ತುಸಂಗ್ರಹಾಲಯಕ್ಕೆ ಕನಿಷ್ಠ ಅರ್ಧ ದಿನ ಮೀಸಲಿಡಿ.

ವಾರ್ಸಾದ ಯಹೂದಿ ಕುಟುಂಬವೊಂದರ ಮಗ ನಮ್ಮ ಬೆಂಗಳೂರಿಗೂ ಬಂದಿದ್ದ. ಮಾರಿಸ್ ಫ್ರಿಡ್‌ಮನ್ ಎಂಬ ಆ ಎಂಜಿನಿಯರ್ 1930ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಿದವರು. ಮುಂದೆ ಅದೇ ಕವಿಕಾ ಆಯಿತು. ಅವರು ಕಾವಿ ತೊಟ್ಟು ಭಾರತಾನಂದರೆನಿಸಿದರು, ಗಾಂಧೀಜಿಯ ಒಡನಾಡಿಯಾದರು. ಅವರ ಜೊತೆ ಪೋಲಿಷ್–ಭಾರತೀಯ ಗ್ರಂಥಮಾಲೆ ನಡೆಸಿದ ವಾಂದಾ ದಿನೋವ್‌ಸ್ಕಾ 1971ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ.

ಮಕ್ಕಳೊಂದಿಗೆ ಹೋಗುವವರಿಗೆ ಒಂದು ಮಾತು. ಕ್ರಾಕೂಫ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ಆಶ್ವಿಟ್ಸ್‌ಗೆ 14 ವರ್ಷದೊಳಗಿನವರನ್ನು ಕರೆತರಬೇಡಿ ಎಂದು ಅಲ್ಲಿನ ಸಂಗ್ರಹಾಲಯವೇ ಸಲಹೆ ಕೊಡುತ್ತದೆ. ಸಣ್ಣವರಿದ್ದರೆ ಅಪ್ಪ ಅಮ್ಮ ಸರದಿಯಲ್ಲಿ ಹೋಗಿಬರಲಿ. ಗಡಿಯಲ್ಲಿ ತಪಾಸಣೆ ಇರಬಹುದು, ಪಾಸ್‌ಪೋರ್ಟ್ ಮತ್ತು ನಿವಾಸ ಕಾರ್ಡು ಕೈಯಲ್ಲಿರಲಿ.

ಗ್ದಾನ್ಸ್ಕ್ ಬೇರೆಯದೇ ಪ್ರವಾಸ ಬೇಡುವ ಊರು. ಆದರೆ ಐದನೇ ದಿನ ಸಿಕ್ಕರೆ ಹಿಂದಿರುಗುವಾಗ ವ್ರೋಟ್ಸ್ವಾಫ್‌ನಲ್ಲಿ ಇಳಿಯಿರಿ. 1945ರವರೆಗೆ ಅದು ಬ್ರೆಸ್ಲಾವ್ ಎಂಬ ಜರ್ಮನ್ ನಗರ. ಅಲ್ಲಿಯ ಜರ್ಮನರನ್ನು ಹೊರಹಾಕಿದ ಮೇಲೆ, ಈಗ ಉಕ್ರೇನಿನಲ್ಲಿರುವ ಲ್ವೂಫ್‌ನಿಂದ ಮನೆ ಕಳೆದುಕೊಂಡು ಬಂದ ಪೋಲಿಷ್ ಜನ ಅನೇಕರು ಇಲ್ಲಿ ನೆಲೆಸಿದರು. ವಾರ್ಸಾ ಕಟ್ಟಲೆಂದು ಇಲ್ಲಿನ ಹಾಳು ಕಟ್ಟಡಗಳ ಇಟ್ಟಿಗೆಗಳನ್ನು ರೈಲಿನಲ್ಲಿ ಸಾಗಿಸಿದರು. ಲ್ವೂಫ್‌ನಿಂದ ಬಂದ, 114 ಮೀಟರ್ ಉದ್ದದ ರಾತ್ಸ್‌ವಾವಿತ್ಸೆ ಯುದ್ಧದ ವೃತ್ತಾಕಾರದ ಚಿತ್ರ 1985ರಿಂದ ಇಲ್ಲಿ ಪ್ರದರ್ಶನದಲ್ಲಿದೆ. ಟಿಕೆಟ್ಟಿನಲ್ಲಿ ಒಳಗೆ ಬಿಡುವ ಸಮಯ ನಮೂದಿಸಿರುತ್ತದೆ, ಮೊದಲೇ ತೆಗೆದುಕೊಂಡಿರಿ.