ಇಂಗ್ಲೆಂಡಿನ ವ್ಯಂಗ್ಯಚಿತ್ರಗಳಲ್ಲಿ ಬಾಲಾಪರಾಧಿ

18ನೇ ಶತಮಾನದ ಇಂಗ್ಲೆಂಡಿನಲ್ಲಿ ಏಳು ವರ್ಷ ತುಂಬಿದ ಮಗುವನ್ನು ಕಟಕಟೆಯಲ್ಲಿ ನಿಲ್ಲಿಸಲು ಕಾನೂನಿನ ಅಡ್ಡಿ ಇರಲಿಲ್ಲ. ಹದಿನಾಲ್ಕರೊಳಗಿನವರಿಗೆ ತಪ್ಪು ಸರಿಯ ತಿಳಿವಳಿಕೆ ಇಲ್ಲವೆಂದೇ ನ್ಯಾಯಾಲಯ ಎಣಿಸಬೇಕಿತ್ತಾದರೂ, ತಿಳಿದೇ ಮಾಡಿದ್ದೆಂದು ರುಜುವಾತಾದರೆ ಆ ರಕ್ಷಣೆ ಉಳಿಯುತ್ತಿರಲಿಲ್ಲ. ಮಕ್ಕಳಿಗೆ ವಿಧಿಸಿದ ಮರಣದಂಡನೆ ಬಹುಮಟ್ಟಿಗೆ ಗಡಿಪಾರಿಗೆ ಇಳಿಯುತ್ತಿತ್ತು. ಆದರೂ 1831ರಲ್ಲಿ ಮೇಡ್‌ಸ್ಟೋನ್ ಊರಿನಲ್ಲಿ ಕೊಲೆಯ ಅಪರಾಧಕ್ಕೆ ಹದಿನಾಲ್ಕರ ಹುಡುಗನೊಬ್ಬನನ್ನು ಗಲ್ಲಿಗೇರಿಸಲಾಯಿತು.

ಇಂಥ ಮಕ್ಕಳನ್ನು ಚಿತ್ರಕ್ಕೆ ತಂದವರಲ್ಲಿ ವಿಲಿಯಂ ಹೋಗಾರ್ತ್ ಮೊದಲಿಗರ ಸಾಲಿನವನು. 1751ರಲ್ಲಿ ಅವನು ಹೊರತಂದ ‘ಕ್ರೌರ್ಯದ ನಾಲ್ಕು ಹಂತಗಳು’ ಸರಣಿಯ ನಾಯಕ ಟಾಮ್ ನೀರೋ, ಸೇಂಟ್ ಜೈಲ್ಸ್ ಪ್ಯಾರಿಷ್‌ನ (ಚರ್ಚಿನ ಸ್ಥಳೀಯ ಆಡಳಿತ ವಿಭಾಗ) ದಾನದಲ್ಲಿ ಬೆಳೆದ ಹುಡುಗ. ಮೊದಲ ಚಿತ್ರದಲ್ಲಿ ಅವನು ಬೀದಿನಾಯಿಗೆ ಬಾಣ ಚುಚ್ಚಿ ಹಿಂಸಿಸುತ್ತಿದ್ದಾನೆ. ಒಳ್ಳೆಯ ಬಟ್ಟೆ ತೊಟ್ಟ ಇನ್ನೊಬ್ಬ ಹುಡುಗ ತಿಂಡಿಯ ಆಸೆ ತೋರಿಸಿ ಅವನನ್ನು ತಡೆಯಲು ನೋಡುತ್ತಾನೆ. ಪಕ್ಕದ ಗೋಡೆಯ ಮೇಲೆ ಮತ್ತೊಬ್ಬ ಪೋರ ನೇಣಿಗೆ ಜೋತುಬಿದ್ದ ಮನುಷ್ಯನ ಚಿತ್ರ ಗೀಚಿ, ಕೆಳಗೆ ಟಾಮ್‌ನ ಹೆಸರು ಬರೆಯುತ್ತಿದ್ದಾನೆ. ಕೊನೆಯ ಚಿತ್ರದಲ್ಲಿ ಗಲ್ಲಿನಿಂದ ಇಳಿಸಿದ ಅವನ ಹೆಣವನ್ನು ವೈದ್ಯರು ಕೊಯ್ಯುತ್ತಿದ್ದಾರೆ. ಪ್ಯಾರಿಷ್‌ನವರು ಆ ಹುಡುಗನನ್ನು ಹೇಗೆ ಸಾಕಿದರೆಂಬ ಪ್ರಶ್ನೆ ಚಿತ್ರಕಾರನಿಗೆ ಅಷ್ಟಾಗಿ ಬೇಕಿರಲಿಲ್ಲ. ಕೆಡುಕು ಹುಡುಗನೊಳಗೇ ಇತ್ತು. ಅದು ಬೆಳೆದು ನೇಣಿಗೆ ಮುಟ್ಟಿತು.

ಮುಂದಿನ ಶತಮಾನದ ಜಾರ್ಜ್ ಕ್ರೂಕ್‌ಶಾಂಕ್ ಕೈಯಲ್ಲಿ ಕೇಡಿನ ಮೂಲ ಹುಡುಗನಿಂದ ಹೊರಗೆ ಸರಿಯಿತು. ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ ಕಾದಂಬರಿಗೆ ಅವನು ಬರೆದ ಚಿತ್ರದಲ್ಲಿ ದೊಡ್ಡವರ ಕೋಟು ತೊಟ್ಟ ಪುಟ್ಟ ಜೇಬುಗಳ್ಳ, ಪುಸ್ತಕದಂಗಡಿಯ ಮುಂದೆ ಓದಿನಲ್ಲಿ ಮುಳುಗಿದ ಮುದುಕನ ಜೇಬಿಗೆ ಕೈಹಾಕಿದ್ದಾನೆ. 1848ರ ‘ಕುಡುಕನ ಮಕ್ಕಳು’ ಎಂಟು ಚಿತ್ರಗಳ ಸರಣಿ. ಅದರಲ್ಲಿ ಮಗ ದರೋಡೆಗಾಗಿ ಜೀವಾವಧಿ ಗಡಿಪಾರಿನ ಶಿಕ್ಷೆ ಪಡೆದು ಸೆರೆಹಡಗಿನಲ್ಲಿ ಸಾಯುತ್ತಾನೆ. ಮಗಳು ಸೇತುವೆಯಿಂದ ಹಾರುತ್ತಾಳೆ. ಮದ್ಯವಿರೋಧಿಯಾಗಿದ್ದ ಕ್ರೂಕ್‌ಶಾಂಕ್ ಎಲ್ಲ ಕೇಡಿಗೂ ಬಾಟಲಿಯನ್ನೇ ಹೊಣೆಮಾಡಿದ್ದು ಅತಿಯೆನಿಸಬಹುದು. ಆದರೂ ಮಕ್ಕಳ ಗತಿಗೆ ಮನೆಯ ಗತಿ ಕಾರಣವೆಂಬ ಮಾತು ಚಿತ್ರದೊಳಗೆ ಬಂತು.

ಸೆರೆಹಡಗು ಕಲ್ಪನೆಯಲ್ಲ. 1820ರ ದಶಕದಿಂದ ಹುಡುಗರಿಗೆಂದೇ ‘ಯೂರಿಯಲಸ್’ ಎಂಬ ಹಳೆಯ ಯುದ್ಧನೌಕೆಯನ್ನು ಮೀಸಲಿಡಲಾಗಿತ್ತು. 1838ರಲ್ಲಿ ಪಾರ್ಕ್‌ಹರ್ಸ್ಟ್‌ನಲ್ಲಿ ಬಾಲಕರ ಜೈಲು ತೆರೆಯಿತು. ಮೇರಿ ಕಾರ್ಪೆಂಟರ್ ಮೊದಲಾದ ಸುಧಾರಕರ ಒತ್ತಾಯದಿಂದ 1854ರಲ್ಲಿ ಸುಧಾರಣಾ ಶಾಲೆಗಳಿಗೆ ಕಾಯ್ದೆಯ ಬಲ ಸಿಕ್ಕಿತು. ಅದರಲ್ಲೂ ಒಂದು ವಿಚಿತ್ರ ರಾಜಿ ಇತ್ತು: ಶಾಲೆಗೆ ಹೋಗುವ ಮುನ್ನ ಮಗು ಕನಿಷ್ಠ 14 ದಿನ ಜೈಲಿನಲ್ಲಿ ಕಳೆಯಲೇಬೇಕು. ಇದೇ ಕಾರ್ಪೆಂಟರ್ 1866ರಿಂದ ಮುಂದಿನ ಹತ್ತು ವರ್ಷಗಳಲ್ಲಿ ನಾಲ್ಕು ಬಾರಿ ಭಾರತಕ್ಕೂ ಬಂದುಹೋದಳು. ಇಲ್ಲಿನ ಸುಧಾರಣಾ ಶಾಲೆಗಳ ಕಾಯ್ದೆ ಬಂದದ್ದು 1876ರಲ್ಲಿ.

ಸುಧಾರಕರೇ ವ್ಯಂಗ್ಯಕ್ಕೆ ಗುರಿಯಾದದ್ದು 1869ರಲ್ಲಿ. ಅನಾಥ, ಬಡ ಹೆಣ್ಣುಮಕ್ಕಳನ್ನು ಕೆನಡಾಕ್ಕೆ ಕಳಿಸುವ ಯೋಜನೆಯನ್ನು ಮರಿಯಾ ರೈ ಮುಂದಿಟ್ಟಿದ್ದಳು. ಇವರಲ್ಲಿ ಹೆಚ್ಚಿನವರು ಯಾವ ಅಪರಾಧವನ್ನೂ ಮಾಡಿದವರಲ್ಲ; ಬಡತನಕ್ಕೂ ಕಳ್ಳತನಕ್ಕೂ ಗೆರೆ ಎಳೆಯುವ ವ್ಯವಧಾನ ಆ ಕಾಲದ ದಾನಿಗಳಿಗೆ ಅಷ್ಟಾಗಿ ಇರಲಿಲ್ಲ. ಮುಪ್ಪಿನ ಕ್ರೂಕ್‌ಶಾಂಕ್ ಇದಕ್ಕೆ ‘ನಮ್ಮ ಚರಂಡಿಯ ಮಕ್ಕಳು’ ಎಂಬ ಚಿತ್ರದಿಂದ ಉತ್ತರಿಸಿದ. ಅದರಲ್ಲಿ ಪುಟ್ಟ ಮಕ್ಕಳನ್ನು ಬೀದಿಯ ಕಸದಂತೆ ಗುಡಿಸಿ, ಸಲಿಕೆಯಿಂದ ಬಾಚಿ ಗಾಡಿಗೆ ತುಂಬುತ್ತಿದ್ದಾರೆ. ತುಂಬುತ್ತಿರುವವರು ಪುಂಡರಲ್ಲ, ಮರ್ಯಾದಸ್ಥರು.

ಚಿತ್ರದಿಂದ ಹಡಗು ನಿಲ್ಲಲಿಲ್ಲ; ಅದೇ ವರ್ಷದ ಕೊನೆಗೆ ಮೊದಲ ತಂಡ ಕೆನಡಾ ತಲುಪಿತು. ಅಲ್ಲಿ ಮಕ್ಕಳ ಮೇಲ್ವಿಚಾರಣೆ ಸರಿಯಿಲ್ಲವೆಂದು ಸರ್ಕಾರಿ ತನಿಖಾಧಿಕಾರಿ ಆಂಡ್ರ್ಯೂ ಡಾಯ್ಲ್ 1875ರಲ್ಲಿ ವರದಿ ಕೊಟ್ಟ ಮೇಲೆ, ವರ್ಕ್‌ಹೌಸ್ (ಬಡವರ ಆಶ್ರಯಗೃಹ) ಮಕ್ಕಳನ್ನು ಕಳಿಸುವುದು ಕೆಲವು ವರ್ಷ ನಿಂತಿತು. ಆಮೇಲೆ ಮತ್ತೆ ಶುರುವಾಗಿ 20ನೇ ಶತಮಾನಕ್ಕೂ ಮುಂದುವರಿಯಿತು.