ಕ್ಯಾಬಿನ್ ಕಾಣದ ರೈಲುದಾರಿ

ಹಳೆಯ ರೈಲು ನಿಲ್ದಾಣಗಳ ತುದಿಯಲ್ಲಿ, ಹಳಿಗೆ ಒತ್ತಿಕೊಂಡಂತೆ ನಿಂತಿರುತ್ತಿದ್ದ ಎರಡಂತಸ್ತಿನ ಪುಟ್ಟ ಕಟ್ಟಡವೇ ಸಿಗ್ನಲ್ ಕ್ಯಾಬಿನ್. ಮೇಲಂತಸ್ತಿನ ಮೂರು ಬದಿಗೂ ಗಾಜಿನ ಕಿಟಕಿಗಳು, ಒಳಗೆ ಸಾಲಾಗಿ ನಿಂತ ಕಬ್ಬಿಣದ ಲಿವರುಗಳು. ಕೆಂಪು ಬಣ್ಣದ ಲಿವರ್ ಎಳೆದರೆ ದೂರದ ಕಂಬದ ಮೇಲಿನ ಸಿಗ್ನಲ್ ಕೈ ಅಲುಗುತ್ತದೆ; ಕಪ್ಪು ಬಣ್ಣದ್ದು ಹಳಿ ಬದಲಿಸುವ ಪಾಯಿಂಟಿಗೆ, ನೀಲಿ ಆ ಪಾಯಿಂಟಿನ ಬೀಗಕ್ಕೆ. ಬಿಳಿ ಬಳಿದಿದ್ದರೆ ಆ ಲಿವರಿಗೆ ಸದ್ಯ ಕೆಲಸವಿಲ್ಲ ಎಂದರ್ಥ. ಕೆಳಗಿನ ಅಂತಸ್ತಿನಲ್ಲಿ ಜನರಿಗೆ ಜಾಗವಿಲ್ಲ. ಲಿವರುಗಳ ಬಾಲಗಳೂ ಅವನ್ನು ಒಂದಕ್ಕೊಂದು ಬಿಗಿದಿಡುವ ಉಕ್ಕಿನ ಪಟ್ಟಿಗಳೂ ಅಲ್ಲಿರುತ್ತವೆ. ಸರಳುಗಳೂ ತಂತಿಗಳೂ ಅಲ್ಲಿಂದಲೇ ಗೋಡೆಯ ಬುಡದ ಕಿಂಡಿಯ ಮೂಲಕ ಹೊರಟು ಹಳಿಯುದ್ದಕ್ಕೂ ಸಾಗುತ್ತವೆ. ಈ ಪಟ್ಟಿಗಳ ಏರ್ಪಾಡಿಗೇ ಇಂಟರ್‌ಲಾಕಿಂಗ್ ಎನ್ನುವುದು. ಪಾಯಿಂಟ್ ಸರಿಯಾಗಿ ಕೂತು ಬೀಗ ಬೀಳುವವರೆಗೆ ಸಿಗ್ನಲಿನ ಲಿವರ್ ಜಗ್ಗುವುದಿಲ್ಲ. ಒಂದು ದಾರಿಗೆ ಸಿಗ್ನಲ್ ಕೊಟ್ಟ ಮೇಲೆ ಅದಕ್ಕೆ ಅಡ್ಡ ಬರುವ ದಾರಿಯ ಲಿವರ್, ಎಷ್ಟೇ ಬಲ ಹಾಕಿದರೂ, ಮಿಸುಕುವುದಿಲ್ಲ.

ಈ ಉಪಾಯ ಇಂಗ್ಲೆಂಡಿನದು. ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಹುಕಾಲ ರೈಲು ಕಂಪನಿಗಳು ಖರ್ಚಿನ ನೆಪ ಹೇಳಿ ಹಿಂಜರಿದವು. 1889ರ ಜೂನ್‌ನಲ್ಲಿ ಐರ್ಲೆಂಡಿನ ಆರ್ಮಾ ಬಳಿ ಮಕ್ಕಳೇ ತುಂಬಿದ್ದ ಪ್ರವಾಸದ ರೈಲಿನ ಡಬ್ಬಿಗಳು ಏರಿನಲ್ಲಿ ಹಿಂದಕ್ಕೆ ಉರುಳಿ, ಹಿಂದಿನಿಂದ ಬರುತ್ತಿದ್ದ ರೈಲಿಗೆ ಬಡಿದು ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಇಂಟರ್‌ಲಾಕಿಂಗನ್ನೂ, ಹಳಿಯ ಒಂದು ಭಾಗದಲ್ಲಿ ಒಮ್ಮೆಗೆ ಒಂದೇ ರೈಲು ಇರಬೇಕೆಂಬ ಬ್ಲಾಕ್ ಪದ್ಧತಿಯನ್ನೂ ಕಡ್ಡಾಯ ಮಾಡಿತು. ಭಾರತದ ರೈಲ್ವೆಗಳಿಗೂ ಈ ಯಂತ್ರಗಳು ಅಲ್ಲಿಂದಲೇ ಬಂದವು. ಸ್ಯಾಕ್ಸ್‌ಬಿ ಮತ್ತು ಫಾರ್ಮರ್ ಕಂಪನಿ ಕಲ್ಕತ್ತೆಯಲ್ಲೇ ಶಾಖೆ ತೆರೆಯಿತು. ಇಲ್ಲಿನ ಪದ್ಧತಿ ಮಾತ್ರ ಸ್ವಲ್ಪ ಬೇರೆಯಾಯಿತು. ಇಂಗ್ಲೆಂಡಿನಲ್ಲಿ ಕ್ಯಾಬಿನ್ನಿನವನೇ ತನ್ನ ಹಳಿಯ ಯಜಮಾನ. ಭಾರತದಲ್ಲಿ ಕೀಲಿ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಉಳಿಯಿತು. ನಿಲ್ದಾಣದ ಎರಡೂ ತುದಿಗೆ ಒಂದೊಂದು ಕ್ಯಾಬಿನ್ ಇದ್ದರೂ ಮಾಸ್ತರರು ತಮ್ಮ ಕೋಣೆಯಿಂದ ಬಿಡುಗಡೆ ಕೊಟ್ಟ ಮೇಲೆಯೇ ಅಲ್ಲಿಯ ಲಿವರ್‌ಮನ್ ಸಿಗ್ನಲ್ ಇಳಿಸಬಹುದು. ತುದಿಗೊಂದರಂತೆ ಎರಡು ಕ್ಯಾಬಿನ್, ನಡುವೆ ಮಾಸ್ತರರ ಕೋಣೆ: ಭಾರತದ ನಿಲ್ದಾಣದ ಪುಟ್ಟ ಮಾದರಿ ಮಾಡುವ ಹವ್ಯಾಸಿಗಳು ಮೊದಲು ತಿಳಿಯಬೇಕಾದದ್ದು ಇದನ್ನೇ. ವಿಲಾಯಿತಿ ಪುಸ್ತಕ ನೋಡಿ ಪ್ಲಾಟ್‌ಫಾರ್ಮಿನ ಪಕ್ಕ ಒಂದೇ ಕ್ಯಾಬಿನ್ ನಿಲ್ಲಿಸಿದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಆದರೆ ಊರು ಬದಲಾಗುತ್ತದೆ.

ಕರಾವಳಿ ಕರ್ನಾಟಕಕ್ಕೆ ರೈಲು ಬಂದದ್ದು 1907ರಲ್ಲಿ. ಮದ್ರಾಸ್ ರೈಲ್ವೆಯ ಬ್ರಾಡ್‌ಗೇಜ್ ಹಳಿ ಮಲಬಾರಿನಿಂದ ಕಾಸರಗೋಡು ದಾಟಿ, ನೇತ್ರಾವತಿಯ ಸೇತುವೆಯಿಂದ ಮಂಗಳೂರು ಮುಟ್ಟಿತು. ಮರುವರ್ಷವೇ ಆ ದಾರಿ ಸೌತ್ ಇಂಡಿಯನ್ ರೈಲ್ವೆಯ ಪಾಲಾಯಿತು. ಇಂಥ ಒಂಟಿ ಹಳಿಯ ದಾರಿಗಳಲ್ಲಿ ಸಿಗ್ನಲಿನ ಜತೆಗೆ ಇನ್ನೊಂದು ಕಾವಲು ಬೇಕಾಗುತ್ತಿತ್ತು. ನೀಲ್ಸ್ ಟೋಕನ್ ಯಂತ್ರದಿಂದ ಹೊರಬರುವ ಉಕ್ಕಿನ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ಗುಂಡು ಕೈಯಲ್ಲಿಲ್ಲದೆ ಮುಂದಿನ ನಿಲ್ದಾಣಕ್ಕೆ ಹೊರಡುವಂತಿಲ್ಲ. ಎರಡು ನಿಲ್ದಾಣಗಳ ಯಂತ್ರಗಳು ವಿದ್ಯುತ್ ತಂತಿಯಿಂದ ಬೆಸೆದುಕೊಂಡಿರುವುದರಿಂದ ಒಂದು ಗುಂಡು ಹೊರಗಿರುವಾಗ ಇನ್ನೊಂದು ಹೊರಬರುವುದಿಲ್ಲ. ಓಡುವ ರೈಲಿನಿಂದ ಬಾಗಿ ಬಳೆಯನ್ನು ಕೈಗೆ ಸಿಕ್ಕಿಸಿಕೊಳ್ಳುವ ದೃಶ್ಯ ದಕ್ಷಿಣದ ಒಂಟಿ ಹಳಿಗಳಲ್ಲಿ ದಶಕಗಳ ಕಾಲ ಕಾಣುತ್ತಿತ್ತು.

1907ರ ಆ ಹಳಿ ಮಂಗಳೂರಿನಿಂದ ಬಡಗಿಗೆ ಬೆಳೆಯಲಿಲ್ಲ. ಮುಲ್ಕಿ, ಪಡುಬಿದ್ರಿ, ಕಾಪು, ಉಡುಪಿ, ಕುಂದಾಪುರ ಎಲ್ಲವೂ ಸಮತಟ್ಟಾದ ಕರಾವಳಿಯ ಊರುಗಳೇ. ಆದರೆ ನಡುವೆ ಫಲ್ಗುಣಿ, ಶಾಂಭವಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ, ಮುಂದೆ ಗಂಗೊಳ್ಳಿಯ ಐದು ಹೊಳೆಗಳು. ಎಲ್ಲವೂ ಕಡಲಿಗೆ ಸೇರುವ ಮುನ್ನ ಅಗಲವಾಗಿ ಹರಡುತ್ತವೆ, ಎಲ್ಲಕ್ಕೂ ಸೇತುವೆ ಬೇಕು. ಹಣಕ್ಕಿಂತ ದೊಡ್ಡ ತೊಡಕು ಆಡಳಿತದ್ದು ಎನ್ನಬೇಕು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಗಿತ್ತು. ಮದ್ರಾಸಿಗೆ ಮಂಗಳೂರು ಬಂದರು ಸಿಕ್ಕಿದ ಮೇಲೆ ಬಡಗಿನ ಹಳಿಯಿಂದ ಲಾಭವಿಲ್ಲ, ಮುಂಬಯಿಗೆ ಇಷ್ಟು ತೆಂಕಣ ಕರಾವಳಿಯ ಚಿಂತೆಯಿಲ್ಲ. ಹೀಗೆ ಉಡುಪಿಯವರು ಇನ್ನೂ ಎಂಬತ್ತಾರು ವರ್ಷ ರೈಲಿಲ್ಲದೆ ಕಳೆದರು. ದೋಣಿ, ಜಟಕಾ, ಆಮೇಲೆ ಬಸ್ಸು ಅವರ ಸಾರಿಗೆಯಾದವು. ಘಟ್ಟದ ಬುಡದ ಕಾರ್ಕಳಕ್ಕೆ ಇಂದಿಗೂ ಹಳಿಯಿಲ್ಲ. ಸಿಗ್ನಲ್ ಕ್ಯಾಬಿನ್ನುಗಳ ಯುಗದಲ್ಲಿ ಈ ಕರಾವಳಿಯಲ್ಲಿ ಎದ್ದ ಸಂಕೇತದ ಕಟ್ಟಡವೆಂದರೆ ಕಾಪುವಿನ ಕಡಲಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭ. ಅದು ಹಡಗಿನವರಿಗಾಗಿ ಕಟ್ಟಿದ್ದು.

ಸ್ವಾತಂತ್ರ್ಯಾನಂತರ ಕರಾವಳಿಗೆ ಬಂದ ಮೊದಲ ದೊಡ್ಡ ಹೊಸ ಹಳಿ ಕೂಡ ಉಡುಪಿಯನ್ನು ಮುಟ್ಟಲಿಲ್ಲ. ಹಾಸನ–ಮಂಗಳೂರು ಮೀಟರ್‌ಗೇಜ್ 1979ರಲ್ಲಿ ತೆರೆಯಿತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ 55 ಕಿಲೋಮೀಟರ್ ಘಟ್ಟಕ್ಕೆ 57 ಸುರಂಗಗಳನ್ನು ಕೊರೆಯಬೇಕಾಯಿತು.

ಉಡುಪಿಗೆ ರೈಲು ತಂದದ್ದು ಕೊಂಕಣ ರೈಲ್ವೆ. 1989ರ ಕೊನೆಯಲ್ಲಿ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾದರು, ಕೊಂಕಣದ ಮಧು ದಂಡವತೆ ಹಣಕಾಸು ಸಚಿವರು. ಬಜೆಟ್ಟಿನ ದಾರಿ ಕಾದರೆ ಈ ಹಳಿ ಇನ್ನೊಂದು ತಲೆಮಾರಿಗೂ ಆಗುವುದಿಲ್ಲವೆಂದು ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳಗಳ ಪಾಲು ಸೇರಿಸಿ 1990ರ ಜುಲೈಯಲ್ಲಿ ನಿಗಮವನ್ನು ಕಟ್ಟಲಾಯಿತು. ಬಂಡವಾಳದಲ್ಲಿ ಕೇಂದ್ರದ್ದು ನೂರಕ್ಕೆ 51, ಕರ್ನಾಟಕದ್ದು 15. ಇ. ಶ್ರೀಧರನ್ ಅದರ ಮುಖ್ಯಸ್ಥರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರುವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಈ ಕೆಲಸದಲ್ಲಿ ಬಲು ಬೇಗ ಮುಗಿದದ್ದು ತೆಂಕಣ ತುದಿಯ ಭಾಗ. 1993ರ ಮಾರ್ಚ್ 20ರಂದು ಮಂಗಳೂರು–ಉಡುಪಿ ನಡುವೆ ಮೊದಲ ಪ್ರಯಾಣಿಕರ ರೈಲು ಓಡಿತು. ಇಡೀ ದಾರಿ ತೆರೆದದ್ದು 1998ರ ಜನವರಿ 26ರಂದು.

ಉಡುಪಿಯ ನಿಲ್ದಾಣ ಪೇಟೆಯಲ್ಲಿಲ್ಲ. ಹೊಸ ಹಳಿಗೆ ಪೇಟೆಯ ನಡುವೆ ಜಾಗ ಸಿಗುವ ಕಾಲ ಮುಗಿದಿತ್ತು. ಮಣಿಪಾಲದ ರಸ್ತೆಯ ಬದಿಗೆ ಇಂದ್ರಾಳಿಯಲ್ಲಿ ಅದನ್ನು ಕಟ್ಟಿದರು. ಅಲ್ಲಿ ಲಿವರುಗಳ ಕ್ಯಾಬಿನ್ ಇಲ್ಲ. ಹಳಿ ಬದಲಿಸುವ ಪಾಯಿಂಟುಗಳನ್ನು ವಿದ್ಯುತ್ ಮೋಟಾರು ತಿರುಗಿಸುತ್ತದೆ, ಸಿಗ್ನಲ್ ಎಂದರೆ ಬಣ್ಣದ ದೀಪ. ಸ್ಟೇಷನ್ ಮಾಸ್ತರರ ಎದುರಿನ ಪ್ಯಾನೆಲ್ ಹಲಗೆಯ ಮೇಲೆ ನಿಲ್ದಾಣದ ಹಳಿಗಳ ನಕ್ಷೆ; ಹೊರಡುವ ಕಡೆಯ ಗುಂಡಿಯನ್ನೂ ಮುಟ್ಟುವ ಕಡೆಯ ಗುಂಡಿಯನ್ನೂ ಒತ್ತಿದರೆ ದಾರಿ ತಾನೇ ಸಿದ್ಧವಾಗಿ ನಕ್ಷೆಯ ಮೇಲೆ ಬೆಳಗುತ್ತದೆ. ಉಕ್ಕಿನ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಪಕ್ಕದ ಕೋಣೆಯ ರಿಲೇಗಳು ಮಾಡುತ್ತವೆ. ದೇಶದಲ್ಲಿ ಈಗ ಹೊಸದಾಗಿ ಕೂರಿಸುವ ಏರ್ಪಾಡುಗಳಲ್ಲಿ ರಿಲೇಗಳ ಜಾಗಕ್ಕೂ ಕಂಪ್ಯೂಟರ್ ಬಂದಿದೆ. ಇಂಗ್ಲೆಂಡು ಒಂದೂವರೆ ಶತಮಾನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದನ್ನು ಉಡುಪಿ ನೇರವಾಗಿ ಕೊನೆಯ ಮೆಟ್ಟಿಲಿನ ಹತ್ತಿರದಿಂದಲೇ ಶುರು ಮಾಡಿತು.

ಆದ್ದರಿಂದ ಕ್ಯಾಬಿನ್ನಿನ ಮಾದರಿ ಮಾಡಬಯಸುವ ಉಡುಪಿಯವರಿಗೆ ಅಳತೆ ತೆಗೆಯಲು ಊರಲ್ಲಿ ಕಟ್ಟಡವಿಲ್ಲ. ಹಳೆಯ ಹಳಿಗಳಲ್ಲೂ ಲಿವರ್ ಕ್ಯಾಬಿನ್ನುಗಳು ಪ್ಯಾನೆಲ್ಲಿಗೆ ಜಾಗ ಬಿಟ್ಟು ನೆಲಸಮವಾಗುತ್ತ ಬಂದಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ, ತಂದು, ಮತ್ತೆ ಕಟ್ಟಿ ನಿಲ್ಲಿಸಿದ ಹಸ್ತಶಿಲ್ಪ ಪರಂಪರೆಯ ಗ್ರಾಮವಿದೆ. ಗುತ್ತಿನ ಮನೆಗೂ ಅರಮನೆಗೂ ಸಿಕ್ಕ ಆ ಭಾಗ್ಯ ರೈಲ್ವೆಯ ಸಣ್ಣ ಕಟ್ಟಡಗಳಿಗೆ ಎಲ್ಲೂ ಸುಲಭವಾಗಿ ಸಿಕ್ಕಿಲ್ಲ. ಕರ್ನಾಟಕದಲ್ಲಿ ಹಳೆಯ ಸಿಗ್ನಲ್ ಸಾಮಗ್ರಿಯನ್ನು ಕಣ್ಣಾರೆ ನೋಡಲು 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯವೇ ಒಳ್ಳೆಯ ಜಾಗ.

ಮಾದರಿ ರೈಲಿನ ಹವ್ಯಾಸಕ್ಕೂ ತನ್ನದೇ ಇತಿಹಾಸವಿದೆ. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲಿ ಆಟಿಕೆ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ತಂದಿತು. ಇಂಗ್ಲೆಂಡಿನ ಹಾರ್ನ್‌ಬಿ ರೈಲುಗಳು 1920ರಿಂದ. ಸಿಗ್ನಲ್ ಕ್ಯಾಬಿನ್ನುಗಳ ಪೈಕಿ ಲೋಕಕ್ಕೆಲ್ಲ ಪರಿಚಿತವಾದದ್ದು ಓಕಮ್ ಊರಿನ 1899ರ ಮರದ ಕ್ಯಾಬಿನ್. ಏರ್‌ಫಿಕ್ಸ್ ಕಂಪನಿ ಅದರ ಪ್ಲಾಸ್ಟಿಕ್ ಕಿಟ್ ಮಾಡಿದ್ದರಿಂದ ಅದು ಸಾವಿರಾರು ಮನೆಗಳ ಮೇಜಿನ ಮೇಲೆ ನಿಂತಿತು. ಭಾರತದ ಕ್ಯಾಬಿನ್ನಿಗೆ ಅಂಥ ಕಿಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾಳೆ ಕತ್ತರಿಸಿ ಮೊದಲಿನಿಂದಲೇ ಕಟ್ಟಬೇಕು. 1998ರಲ್ಲಿ ಪುಣೆಯಲ್ಲಿ ತೆರೆದ ಜೋಶಿಯವರ ಕಿರುರೈಲು ಸಂಗ್ರಹಾಲಯ ಈ ಹವ್ಯಾಸ ಭಾರತದಲ್ಲಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ಸಾಕ್ಷಿ.

ಇಲ್ಲಿ ಹಳಿಯ ಅಗಲದ್ದೇ ಒಂದು ಪೇಚಿದೆ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆ 87ರಲ್ಲಿ 1 ಭಾಗ, ಅದರ ಹಳಿ 16.5 ಮಿಲಿಮೀಟರ್. ಅದು ವಿಲಾಯಿತಿಯ 1435 ಮಿಲಿಮೀಟರ್ ಹಳಿಗೆ ಸರಿ. ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರ್, 87ರಿಂದ ಭಾಗಿಸಿದರೆ 19.3. ಹಳಿಯನ್ನೂ ಕೈಯಿಂದಲೇ ಹಾಕುವ ತಾಳ್ಮೆಯಿಲ್ಲದವರು ಇಡೀ ಮಾದರಿಯನ್ನು 100ರಲ್ಲಿ 1 ಭಾಗಕ್ಕೆ ಇಳಿಸಿದರೆ ಅಂಗಡಿಯ 16.5 ಮಿಲಿಮೀಟರ್ ಹಳಿಯೇ ಬ್ರಾಡ್‌ಗೇಜಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಮೀಟರಿಗೆ ಒಂದು ಸೆಂಟಿಮೀಟರ್ ಎಂಬ ಲೆಕ್ಕವೂ ಸಲೀಸು. ಎಂಜಿನ್ನು, ಡಬ್ಬಿಗಳು ಮಾತ್ರ ಆಗ ಅಂಗಡಿಯವು ಒಗ್ಗುವುದಿಲ್ಲ.

ಕ್ಯಾಬಿನ್ನಿನ ನಕ್ಷೆ ಸಿಗದಿದ್ದರೆ ಹಳೆಯ ಫೋಟೋ ಒಂದೇ ಆಧಾರ. ಫೋಟೋದಲ್ಲಿ ಅಳತೆ ಹೇಳುವುದು ಹಂಚು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ಇಟ್ಟ ಮೇಲೆ ಆ ಹಂಚು ದೇಶದ ಎಷ್ಟೋ ರೈಲ್ವೆ ಕಟ್ಟಡಗಳ ಮಾಡು ಏರಿತು. ಅದರ ಉದ್ದ ಸುಮಾರು 41 ಸೆಂಟಿಮೀಟರ್, ಅಗಲ 23ರಿಂದ 24. ಒಂದರ ಮೇಲೊಂದು ಕೂರುವುದರಿಂದ ಕಣ್ಣಿಗೆ ಬೀಳುವ ವರಸೆ ಸುಮಾರು 32 ಸೆಂಟಿಮೀಟರಿನದು. ಫೋಟೋದಲ್ಲಿ ವರಸೆಗಳನ್ನೂ ಒಂದು ವರಸೆಯ ಹಂಚುಗಳನ್ನೂ ಎಣಿಸಿದರೆ ಮಾಡಿನ ಅಳತೆ ಸಿಗುತ್ತದೆ, ಮಾಡಿನಿಂದ ಗೋಡೆಯದು. ಆರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕ್ಯಾಬಿನ್ ಎಂದಿಟ್ಟುಕೊಂಡರೆ ಎಚ್‌ಒದಲ್ಲಿ ಗೋಡೆಗಳು 69 ಮತ್ತು 34 ಮಿಲಿಮೀಟರ್. ಸೂರು ಸೇರಿಸಿ ಮಾಡು 30 ಚದರ ಮೀಟರಾದರೆ, ಚದರ ಮೀಟರಿಗೆ 15ರಂತೆ, 450 ಹಂಚು. ಒಂದೊಂದು ಹಂಚನ್ನೂ ಕತ್ತರಿಸಿ ಅಂಟಿಸುವವರಿದ್ದಾರೆ. ತೆಳು ಕಾಗದದ ಪಟ್ಟಿಗಳಲ್ಲಿ ಅಡ್ಡಗೆರೆ ಒತ್ತಿ, ಕೆಳಗಿನ ಸೂರಿನಿಂದ ಮೇಲಕ್ಕೆ ವರಸೆಯಾಗಿ ಅಂಟಿಸುವುದು ಹೆಚ್ಚು ಜಾಣತನ. ಈ ಗಾತ್ರದಲ್ಲಿ ಕಣ್ಣು ಹುಡುಕುವುದು ವರಸೆಯ ನೆರಳನ್ನೇ.

ಗೋಡೆಗೆ ಒಂದು ಮಿಲಿಮೀಟರ್ ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಒಳ್ಳೆಯದು. ಗಣೇಶೋತ್ಸವದ ಮಂಟಪಗಳಿಗೆ ಬಳಸುವ ಸನ್‌ಬೋರ್ಡು ಒಳಗಿನ ಚೌಕಟ್ಟಿಗೆ ಸಾಕು, ಹೊರಮೈಗೆ ದಪ್ಪವಾಯಿತು. ಕರಾವಳಿಯ ಮಳೆಗೆ ಒದ್ದೆಯಾಗುವ ರಟ್ಟನ್ನು ನೆಚ್ಚಬಾರದು: ಆಷಾಢದ ತೇವಕ್ಕೆ ಮೂಲೆಗಳು ಬಾಯಿಬಿಡುತ್ತವೆ. ಕಿಟಕಿಯ ನಿಜವಾದ ಮರದ ಪಟ್ಟಿ ನಾಲ್ಕೈದು ಸೆಂಟಿಮೀಟರ್ ಎಂದರೆ ಮಾದರಿಯಲ್ಲಿ ಅರ್ಧ ಮಿಲಿಮೀಟರ್. ಅದನ್ನು ಕತ್ತರಿಸುವುದಕ್ಕಿಂತ ಪಾರದರ್ಶಕ ಹಾಳೆಯ ಮೇಲೆ ಬಿಳಿ ಗೆರೆ ಎಳೆಯುವುದು ಮೇಲು. ಗಾಜು ದೊಡ್ಡದಿರುವುದರಿಂದ ಒಳಗಿನ ಲಿವರುಗಳು ಹೊರಗೆ ಕಾಣುತ್ತವೆ. ಒಂದು ಸೆಂಟಿಮೀಟರಿಗೆ ತುಸು ಮೀರಿದ ತಂತಿಯ ತುಂಡುಗಳಿಗೆ ಕೆಂಪು, ಕಪ್ಪು, ನೀಲಿ ಬಳಿದು, ಹಿಡಿಯ ತುದಿಯನ್ನು ಉಕ್ಕಿನ ಬಣ್ಣದಲ್ಲೇ ಬಿಡಬೇಕು.

ಉಡುಪಿಯ ನಿಲ್ದಾಣವನ್ನೇ ಮಾಡುವವರ ಮುಂದೆ ಎರಡು ದಾರಿ. 1907ರ ಹಳಿ ಇಂದ್ರಾಳಿಗೂ ಬಂದಿತ್ತೆಂದು ಊಹಿಸಿಕೊಂಡು, ಮುರಕಲ್ಲಿನ ಗೋಡೆಯ, ಮಂಗಳೂರು ಹಂಚಿನ ಒಂದು ಕ್ಯಾಬಿನ್ ಕಟ್ಟುವುದು ಮೊದಲನೆಯದು. ಇದು ನಡೆಯದ ಇತಿಹಾಸ, ಆದರೆ ಈ ಹವ್ಯಾಸದಲ್ಲಿ ಅದಕ್ಕೆ ಮರ್ಯಾದೆಯಿದೆ. ಮುರಕಲ್ಲಿನ ವರಸೆ ಸುಮಾರು 20 ಸೆಂಟಿಮೀಟರ್ ಎಂದು ಹಿಡಿದು 100ರ ಅಳತೆಯಲ್ಲಿ ಎರಡು ಮಿಲಿಮೀಟರಿಗೊಂದು ಗೆರೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚುಚ್ಚಿದರೆ ಕಲ್ಲಿನ ತೂತುಮೈ ಬರುತ್ತದೆ. ಎರಡನೆಯದು ಇದ್ದದ್ದನ್ನು ಇದ್ದಂತೆ ಮಾಡುವುದು: ಕ್ಯಾಬಿನ್ನಿನ ಬದಲು ರಿಲೇ ಕೋಣೆ, ಕೈ ಅಲುಗುವ ಸೆಮಾಫೋರ್ ಸಿಗ್ನಲಿನ ಬದಲು ದೀಪದ ಕಂಬ. ದೀಪದ ಗಾಜು ನಿಜದಲ್ಲಿ ಸುಮಾರು 20 ಸೆಂಟಿಮೀಟರ್ ಅಗಲವಿರುವುದರಿಂದ ಎಚ್‌ಒದಲ್ಲಿ ಎರಡು ಮಿಲಿಮೀಟರಿನ ಎಲ್‌ಇಡಿ ಸರಿಹೊಂದುತ್ತದೆ, ಮೂರರದ್ದು ದೊಡ್ಡದಾಯಿತು. ನಿಲ್ದಾಣಕ್ಕೆ ಒಳಬರುವ ಹೋಮ್ ಸಿಗ್ನಲಿನ ನೆತ್ತಿಯ ಮೇಲೆ, ರೈಲು ಪಕ್ಕದ ಲೂಪ್ ಹಳಿಗೆ ಹೊರಳುವುದನ್ನು ತಿಳಿಸುವ ಐದು ಬಿಳಿ ದೀಪಗಳ ಓರೆಸಾಲು ಇರಬೇಕು. ಪ್ಲಾಟ್‌ಫಾರ್ಮಿನ ಕಡೆಯಿಂದ ತೆಗೆದ ಫೋಟೋಗಳಲ್ಲಿ ಅದು ಕಾಣದ ಕಾರಣ ಬಹಳಷ್ಟು ಮಾದರಿಗಳಲ್ಲಿ ಬಿಟ್ಟುಹೋಗುತ್ತದೆ. ವಿದ್ಯುತ್ ಕಂಬಗಳು ಬೇಕೋ ಬೇಡವೋ ಎಂಬುದು ಮಾದರಿಯ ಕಾಲವನ್ನು ಅವಲಂಬಿಸಿದೆ. ರೋಹಾ–ತೋಕೂರು ದಾರಿಯ ವಿದ್ಯುದೀಕರಣವನ್ನು 2022ರ ಜೂನ್‌ನಲ್ಲಿ ದೇಶಕ್ಕೆ ಅರ್ಪಿಸಲಾಯಿತು. ಅದಕ್ಕೆ ಮೊದಲಿನ ವರ್ಷಗಳ ಉಡುಪಿಗೆ ಡೀಸೆಲ್ ಎಂಜಿನ್ನೂ ಹಳಿಯ ಮೇಲೆ ತಂತಿಯಿಲ್ಲದ ಆಕಾಶವೂ ಸಾಕು.