ಟಿಫಿನ್ ಡಬ್ಬಿ, ಕಾಫಿ ಬಟ್ಟಲು ಮತ್ತು ವಿಶ್ವಕಪ್ಪಿನ ಹಣ



2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಏಕದಿನ ಕ್ರಿಕೆಟ್ಟಿನ ವಿಶ್ವಕಪ್ಪನ್ನು ಗೆದ್ದಾಗ ಜಯನಗರದ ನಮ್ಮ ಬೀದಿಯಲ್ಲಿಯೂ ಪಟಾಕಿ ಸಿಡಿದವು. ಮರುದಿನ ಬೆಳಿಗ್ಗೆ ನಾನು ಪತ್ರಿಕೆ ಹಿಡಿದು ಕುಳಿತಿರುವಾಗ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ದೂರವಾಣಿ ಕರೆ ಬಂತು. ಅವಳೀಗ ಜೆ.ಪಿ. ನಗರದಲ್ಲಿ ನೆಲೆಸಿದ್ದಾಳೆ. "ಸಾರ್, ನೋಡಿದಿರಾ? ಇವರಿಗೆ ಟಿಫಿನ್ ಡಬ್ಬಿ ಕೊಡಲಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ದಿನವಿಡೀ ಆ ಮಾತು ನನ್ನನ್ನು ಬಿಡಲಿಲ್ಲ.

ನಿಮ್ಮಲ್ಲಿ ಕೆಲವರಿಗೆ ಆ ಪ್ರಸಂಗ ನೆನಪಿರಬಹುದು. 1988ರ ಶಾಲಾ ಕ್ರೀಡೋತ್ಸವ. ನಾನು ಸಮಾಜ ವಿಜ್ಞಾನದ ಮೇಷ್ಟ್ರಾದರೂ ಬಹುಮಾನಗಳ ಲೆಕ್ಕಪತ್ರ, ಪಂದ್ಯಗಳ ವೇಳಾಪಟ್ಟಿ ನನ್ನ ಪಾಲಿಗೆ ಬರುತ್ತಿದ್ದವು. ಹುಡುಗರ ಫುಟ್‌ಬಾಲ್ ಅಂತಿಮ ಪಂದ್ಯವನ್ನು ಶನಿವಾರ ಮಧ್ಯಾಹ್ನ ಇಟ್ಟೆ. ಧ್ವನಿವರ್ಧಕ, ಶಾಮಿಯಾನ, ಮುಖ್ಯ ಅತಿಥಿಗಳು, ಗೆದ್ದ ತಂಡಕ್ಕೆ ದಾನಿಗಳೊಬ್ಬರು ಕೊಟ್ಟ ಐನೂರು ರೂಪಾಯಿ ಮತ್ತು ಒಂದು ಷೀಲ್ಡು. ಹುಡುಗಿಯರ ಥ್ರೋಬಾಲ್ ಅಂತಿಮ ಪಂದ್ಯವನ್ನು ಬುಧವಾರ ಊಟದ ವಿರಾಮದಲ್ಲಿ ಮುಗಿಸಿಬಿಟ್ಟೆ. ಗೆದ್ದವರಿಗೆ ನಾಲ್ಕನೇ ಬ್ಲಾಕಿನ ಪಾತ್ರೆಯಂಗಡಿಯಿಂದ ತಂದ ಸ್ಟೀಲಿನ ಟಿಫಿನ್ ಡಬ್ಬಿಗಳು. ತಂಡದ ನಾಯಕಿ, ಅಂದರೆ ಈಗ ಕರೆ ಮಾಡಿದವಳೇ, ನನ್ನ ಬಳಿ ಬಂದು "ಅವರಿಗೆ ದುಡ್ಡು, ನಮಗೆ ಡಬ್ಬಿ ಯಾಕೆ ಸಾರ್?" ಎಂದಳು. "ದಾನಿಗಳು ಫುಟ್‌ಬಾಲ್ ನೋಡಿ ಕೊಟ್ಟರಮ್ಮ, ನಿಮ್ಮ ಆಟವನ್ನು ಯಾರು ನೋಡಿದರು?" ಎಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು "ನೋಡೋಕೆ ನೀವು ಯಾರನ್ನೂ ಕರೆಯಲೇ ಇಲ್ಲವಲ್ಲ ಸಾರ್" ಎಂದಳು. ಹದಿನೈದು ವರ್ಷದ ಹುಡುಗಿ. ನನ್ನ ಬಳಿ ಉತ್ತರವಿರಲಿಲ್ಲ. ತರಗತಿಗೆ ಹೋಗೆಂದು ಗದರಿಸಿ ಕಳಿಸಿದೆ.

ಇದಾದ ಮರುವರ್ಷ, 1989ರ ಜುಲೈಯಲ್ಲಿ, ಪಶ್ಚಿಮ ಜರ್ಮನಿಯ ಮಹಿಳಾ ಫುಟ್‌ಬಾಲ್ ತಂಡ ನಾರ್ವೆಯನ್ನು 4-1ರಿಂದ ಸೋಲಿಸಿ ಯೂರೋಪಿನ ಚಾಂಪಿಯನ್ ಆಯಿತು. ಆ ದೇಶದ ಫುಟ್‌ಬಾಲ್ ಒಕ್ಕೂಟ ಪ್ರತಿಯೊಬ್ಬ ಆಟಗಾರ್ತಿಗೂ ಕೊಟ್ಟ ಬಹುಮಾನವೇನು ಗೊತ್ತೆ? ಹೂವಿನ ಚಿತ್ತಾರವಿದ್ದ ಪಿಂಗಾಣಿಯ ಕಾಫಿ ಬಟ್ಟಲುಗಳ ಸೆಟ್ಟು. ಇದನ್ನು ಮೊದಲು ಓದಿದಾಗ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಜಯನಗರದ ಒಬ್ಬ ಮೇಷ್ಟ್ರಿಗೂ ಜರ್ಮನಿಯ ಬಲಾಢ್ಯ ಒಕ್ಕೂಟಕ್ಕೂ ಹೊಳೆದದ್ದು ಅಡುಗೆಮನೆಯ ಸಾಮಾನೇ!

ಹೆಂಗಸರ ಫುಟ್‌ಬಾಲನ್ನು ಯಾರೂ ನೋಡುವುದಿಲ್ಲ ಎಂಬ ಮಾತು ಎಲ್ಲಿಂದ ಹುಟ್ಟಿತೆಂದು ಹುಡುಕುತ್ತ ಹೋದರೆ ಇಂಗ್ಲೆಂಡಿಗೆ ಬಂದು ಮುಟ್ಟುತ್ತೇವೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ, ತನ್ನ ಅಧೀನದ ಮೈದಾನಗಳಲ್ಲಿ ಅವರು ಆಡದಂತೆ ನಿರ್ಬಂಧಿಸಿತು. ಆ ನಿರ್ಬಂಧ ಸುಮಾರು ಅರ್ಧ ಶತಮಾನ ಉಳಿಯಿತು. ಜನರು ಬರಲಿಲ್ಲವೆಂದು ಬಾಗಿಲು ಮುಚ್ಚಿದ್ದಲ್ಲ. ಜನರು ಬಂದ ಮೇಲೆ ಮುಚ್ಚಿದ್ದು.

ಫಿಫಾ ನಡೆಸಿದ ಮೊದಲ ಮಹಿಳಾ ವಿಶ್ವಕಪ್ 1991ರಲ್ಲಿ ಚೀನಾದಲ್ಲಿ ಆಯಿತು. ಪುರುಷರದ್ದು 1930ರಲ್ಲಿಯೇ ಆರಂಭವಾಗಿತ್ತು. ಚೀನಾದಲ್ಲಿ ಪಂದ್ಯಗಳ ಅವಧಿ ತೊಂಬತ್ತು ನಿಮಿಷವಲ್ಲ, ಎಂಬತ್ತು. ಹೆಂಗಸರು ದಣಿಯುತ್ತಾರೆಂಬ ಅಂತಃಕರಣವಿರಬೇಕು. ಬಹುಮಾನದ ಹಣವಂತೂ 2007ರವರೆಗೂ ಒಂದು ಬಿಡಿಗಾಸೂ ಇರಲಿಲ್ಲ. ಆಮೇಲಿನ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ನೋಡಿ. 2014ರಲ್ಲಿ ಪುರುಷರ ವಿಶ್ವಕಪ್ಪಿನ ಬಹುಮಾನದ ಒಟ್ಟು ಮೊತ್ತ 35.8 ಕೋಟಿ ಡಾಲರ್. 2015ರಲ್ಲಿ ಮಹಿಳೆಯರದ್ದು 1.5 ಕೋಟಿ. ಗೆದ್ದ ಜರ್ಮನಿಯ ಗಂಡಸರಿಗೆ 3.5 ಕೋಟಿ, ಗೆದ್ದ ಅಮೆರಿಕದ ಹೆಂಗಸರಿಗೆ 20 ಲಕ್ಷ. 2018ರಲ್ಲಿ ಫ್ರಾನ್ಸಿಗೆ 3.8 ಕೋಟಿ, 2019ರಲ್ಲಿ ಮತ್ತೆ ಗೆದ್ದ ಅಮೆರಿಕದ ಹೆಂಗಸರಿಗೆ 40 ಲಕ್ಷ. ಆ ಅಂತಿಮ ಪಂದ್ಯ ಮುಗಿದಾಗ ಲಿಯೋನ್ ನಗರದ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ತಂಡದ ಹೆಸರನ್ನಲ್ಲ, "ಸಮಾನ ವೇತನ" ಎಂದು ಕೂಗಿದರು. 2022ರಲ್ಲಿ ಪುರುಷರಿಗೆ 44 ಕೋಟಿ, 2023ರಲ್ಲಿ ಮಹಿಳೆಯರಿಗೆ 11 ಕೋಟಿ. ಅಂತರ ಇಪ್ಪತ್ತಮೂರು ಪಟ್ಟಿಗಿಂತ ಹೆಚ್ಚಿದ್ದದ್ದು ನಾಲ್ಕು ಪಟ್ಟಿಗೆ ಇಳಿಯಿತು. ಎಂಟು ವರ್ಷಗಳಲ್ಲಿ ಇಷ್ಟಾದರೆ ಕಡಿಮೆಯೇನಲ್ಲ, ಒಪ್ಪುತ್ತೇನೆ.

ಫಿಫಾದ ವಾದ ನಿಮಗೆ ಗೊತ್ತಿರುವುದೇ: ಮಹಿಳಾ ಪಂದ್ಯಗಳಿಂದ ಬರುವ ದೂರದರ್ಶನ ಹಕ್ಕಿನ ಆದಾಯ ಕಡಿಮೆ, ಆದ್ದರಿಂದ ಬಹುಮಾನ ಕಡಿಮೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ 2023ಕ್ಕೆ ಮೊದಲು ಫಿಫಾ ಮಹಿಳಾ ವಿಶ್ವಕಪ್ಪಿನ ಹಕ್ಕುಗಳನ್ನು ಪುರುಷರ ವಿಶ್ವಕಪ್ಪಿನೊಂದಿಗೆ ಒಂದೇ ಗಂಟಿನಲ್ಲಿ ಕಟ್ಟಿ ಮಾರುತ್ತಿತ್ತು. ಕೆ.ಆರ್. ಮಾರುಕಟ್ಟೆಯಲ್ಲಿ ತರಕಾರಿ ಕೊಂಡವರಿಗೆ ಕೊಸರಾಗಿ ಕೊತ್ತಂಬರಿ ಸೊಪ್ಪು ಕೊಡುತ್ತಾರಲ್ಲ, ಹಾಗೆ. ಕೊಸರಾಗಿ ಕೊಟ್ಟ ಸೊಪ್ಪಿಗೆ ಬೆಲೆಯೇ ಇಲ್ಲವೆಂದು ಆಮೇಲೆ ಹೇಳಿದರೆ ಹೇಗೆ? ಇದನ್ನು ಓದಿದಾಗ ನನಗೆ ನನ್ನ ಬುಧವಾರದ ವೇಳಾಪಟ್ಟಿ ನೆನಪಾಯಿತು. ನೋಡುವವರನ್ನು ಕರೆಯದೆ, ನೋಡುವವರಿಲ್ಲ ಎಂದು ನಾನೂ ಹೇಳಿದ್ದೆನಷ್ಟೆ.

ನಮ್ಮ ದೇಶದ ಫುಟ್‌ಬಾಲಿನಲ್ಲಿ ಒಂದು ಸ್ವಾರಸ್ಯವಿದೆ. ಭಾರತದ ಮಹಿಳೆಯರು ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಎರಡು ಬಾರಿ ದ್ವಿತೀಯ ಸ್ಥಾನ ಪಡೆದಿದ್ದಾರೆ. ಮೊದಲನೆಯದು ಕಲ್ಲಿಕೋಟೆಯಲ್ಲಿ, 1980ರ ಜನವರಿಯಲ್ಲಿ, ಎರಡನೆಯದು 1983ರಲ್ಲಿ. ಪುರುಷರು ಏಷ್ಯಾ ಕಪ್ಪಿನಲ್ಲಿ ಆ ಸ್ಥಾನ ಮುಟ್ಟಿದ್ದು ಒಂದೇ ಸಲ, 1964ರಲ್ಲಿ. ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತಕ್ಕಾಗಿ ಆಡಿದ್ದು ಆ ಕಾಲದಲ್ಲಿಯೇ. ನಮ್ಮೂರಿನ ಫುಟ್‌ಬಾಲ್ ಎಂದರೆ ಆಸ್ಟಿನ್ ಟೌನನ್ನೂ, ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದದ್ದನ್ನೂ ಗಂಟೆಗಟ್ಟಲೆ ಹೇಳುತ್ತಿದ್ದ ನಾನು, ಈ ಹೆಸರನ್ನು ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ.

ಹೇಳಿದ್ದೆಂದರೆ ಶಾಂತಾ ರಂಗಸ್ವಾಮಿಯವರ ಹೆಸರನ್ನು. 1976ರ ಅಕ್ಟೋಬರ್ ಕೊನೆಯಲ್ಲಿ ಭಾರತದ ಮಹಿಳೆಯರ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಈಗ ಚಿನ್ನಸ್ವಾಮಿ ಎಂದು ಕರೆಯುವ ಕ್ರೀಡಾಂಗಣದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾನಾಗ ಪಿಯುಸಿ ವಿದ್ಯಾರ್ಥಿ. ನನ್ನ ಅಕ್ಕ ಹಟಹಿಡಿದು ಕರೆದುಕೊಂಡು ಹೋಗಿದ್ದಳು. ಆ ತಂಡದ ನಾಯಕಿ ಬೆಂಗಳೂರಿನವರೇ ಆದ ಶಾಂತಾ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದೊರಕಿತು. ಮುಂದಿನ ವರ್ಷ ನ್ಯೂಜಿಲೆಂಡಿನ ಡನಿಡಿನ್‌ನಲ್ಲಿ ಶಾಂತಾ 108 ರನ್ ಹೊಡೆದರು. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಅದು. ಆ ದಿನಗಳಲ್ಲಿ ತಂಡದವರು ಕಾದಿರಿಸದ ರೈಲುಡಬ್ಬಿಗಳಲ್ಲಿ ಪ್ರಯಾಣಿಸಿ, ಹಾಸಿಗೆಯನ್ನು ತಾವೇ ಹೊತ್ತು, ಸಾಮೂಹಿಕ ವಸತಿಗಳಲ್ಲಿ ಮಲಗುತ್ತಿದ್ದುದನ್ನು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿಯ ಬಳಿಯೂ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಸಂಗ್ರಹಿಸಿದ ಹಣದಿಂದ ಆಟಗಾರರಿಗೆ ತಲಾ ಒಂದು ಲಕ್ಷ ಕೊಟ್ಟರು. ಆಮೇಲೆ ಮಂಡಳಿ ಸಿರಿವಂತವಾಯಿತು. ಆ ಸಿರಿ ಹೆಣ್ಣುಮಕ್ಕಳ ಮನೆಯ ದಾರಿ ಹಿಡಿಯಲು ಬಹಳ ವರ್ಷ ಬೇಕಾಯಿತು. 2005ರ ವಿಶ್ವಕಪ್ಪಿನಲ್ಲಿ ಅಂತಿಮ ಪಂದ್ಯದವರೆಗೂ ಹೋದಾಗ ತಮಗೆ ಸಿಕ್ಕದ್ದು ಪಂದ್ಯವೊಂದಕ್ಕೆ ಸಾವಿರ ರೂಪಾಯಿ ಎಂದು ಮಿತಾಲಿ ರಾಜ್ ಹೇಳಿದ್ದಾರೆ. ಮಹಿಳಾ ಕ್ರಿಕೆಟ್ ಆ ಮಂಡಳಿಯ ತೆಕ್ಕೆಗೆ ಬಂದದ್ದು 2006ರಲ್ಲಿ.

2017ರಲ್ಲಿ ಲಾರ್ಡ್ಸ್‌ನಲ್ಲಿ ಒಂಬತ್ತು ರನ್ನುಗಳಿಂದ ಕಪ್ ತಪ್ಪಿತು. ಆ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ ಇದ್ದರು. ನ್ಯೂಜಿಲೆಂಡಿನ ವಿರುದ್ಧ ರಾಜೇಶ್ವರಿ 15 ರನ್ನಿಗೆ 5 ವಿಕೆಟ್ ಕಿತ್ತದ್ದು ನಿಮಗೆ ನೆನಪಿರಬೇಕು. ಊರಿಗೆ ಬಂದಾಗ ಜಿಲ್ಲೆಯ ಸಚಿವರು ಕಾರೊಂದನ್ನು ಉಡುಗೊರೆಯಾಗಿ ಕೊಡಲು ಮುಂದಾದರು. ಆಕೆ ವಿನಯದಿಂದ ಬೇಡವೆಂದು, ತಮ್ಮ ಕುಟುಂಬಕ್ಕೆ ಬೇಕಾಗಿರುವುದು ಒಂದು ಮನೆ ಎಂದರು. ಬಹುಮಾನ ಕೊಡುವವರು ಪಡೆಯುವವರನ್ನು ಕೇಳಿ ಕೊಡುವುದು ಎಷ್ಟು ವಿರಳ!

ಈಚಿನದನ್ನು ಚುಟುಕಾಗಿ ಹೇಳುತ್ತೇನೆ. 2022ರ ಅಕ್ಟೋಬರಿನಲ್ಲಿ ಮಂಡಳಿ ಪಂದ್ಯದ ಸಂಭಾವನೆಯನ್ನು ಸಮನಾಗಿಸಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. 2023ರ ಜುಲೈಯಲ್ಲಿ ಐಸಿಸಿ ಬಹುಮಾನದ ಹಣದಲ್ಲಿ ಸಮಾನತೆ ಘೋಷಿಸಿತು. ಆದರೂ ಎಲ್ಲವೂ ಸಮವಾಗಿಲ್ಲ. ನಮ್ಮ ಆರ್‌ಸಿಬಿ ಹೆಣ್ಣುಮಕ್ಕಳು 2024ರ ಮಾರ್ಚಿನಲ್ಲಿ ಕಪ್ ಗೆದ್ದಾಗ ಬಹುಮಾನ 6 ಕೋಟಿ ರೂಪಾಯಿ. 2025ರ ಜೂನಿನಲ್ಲಿ ಗಂಡುಮಕ್ಕಳು ಗೆದ್ದಾಗ 20 ಕೋಟಿ. (ಆ ಗೆಲುವಿನ ಮರುದಿನ ಕ್ರೀಡಾಂಗಣದ ಬಾಗಿಲಲ್ಲಿ ನಡೆದದ್ದನ್ನು ನೆನೆಯಲೂ ಮನಸ್ಸಾಗುವುದಿಲ್ಲ.)

ನವಿ ಮುಂಬಯಿಯ ಆ ರಾತ್ರಿ ಮಾತ್ರ ಲೆಕ್ಕ ತಿರುವುಮುರುವಾಗಿತ್ತು. 2023ರ ಪುರುಷರ ವಿಶ್ವಕಪ್ಪಿನ ಒಟ್ಟು ಬಹುಮಾನ ಒಂದು ಕೋಟಿ ಡಾಲರ್. 2025ರ ಮಹಿಳೆಯರದ್ದು 1.388 ಕೋಟಿ. ಹರ್ಮನ್‌ಪ್ರೀತ್ ತಂಡಕ್ಕೆ ಬಂದದ್ದು 44.8 ಲಕ್ಷ ಡಾಲರ್, ಅಂದರೆ ಸುಮಾರು 40 ಕೋಟಿ ರೂಪಾಯಿ. ಇದಲ್ಲದೆ ಭಾರತದ ಮಂಡಳಿ ತನ್ನ ಕಡೆಯಿಂದ 51 ಕೋಟಿ ಘೋಷಿಸಿತು. 2023ರಲ್ಲಿ ಗೆದ್ದ ಆಸ್ಟ್ರೇಲಿಯಾದ ಗಂಡಸರಿಗೆ ದೊರೆತಿದ್ದದ್ದು 40 ಲಕ್ಷ ಡಾಲರ್.

ಈ ಅಂಕಿಗಳನ್ನೆಲ್ಲ ಬರೆದಿಟ್ಟುಕೊಂಡು ಎರಡು ದಿನಗಳ ನಂತರ ನಾನೇ ಜೆ.ಪಿ. ನಗರಕ್ಕೆ ಕರೆ ಮಾಡಿದೆ. 1988ರಲ್ಲಿ ಕೊಡದ ಉತ್ತರವನ್ನು ಕೊಟ್ಟೆ: ಆ ಶನಿವಾರದ ಶಾಮಿಯಾನದಡಿ ನಿಮ್ಮ ಪಂದ್ಯವನ್ನೂ ಇಡಬಹುದಾಗಿತ್ತು, ನಾನು ಇಡಲಿಲ್ಲ ಎಂದೆ. ಅವಳು "ಬಿಡಿ ಸಾರ್, ಡಬ್ಬಿ ಗಟ್ಟಿಯಾಗಿದೆ, ಇನ್ನೂ ಮೆಂತ್ಯ ತುಂಬಿಟ್ಟಿದ್ದೇನೆ" ಎಂದಳು. ಮುಚ್ಚಳದ ಮೇಲೆ ಏನು ಕೊರೆದಿದೆ ಎಂದು ಕೇಳಿದೆ. ಶಾಲೆಯ ಹೆಸರು, ಇಸವಿ, ಅಷ್ಟೇ ಎಂದಳು. ಆಗ ನೆನಪಾಯಿತು. ಅಂಗಡಿಯವನು ಹೆಸರು ಕೊರೆಯಲು ಅಕ್ಷರಕ್ಕೆ ಇಷ್ಟೆಂದು ಲೆಕ್ಕ ಹಾಕುತ್ತಿದ್ದ. ಹಣ ಉಳಿಸಲೆಂದು "ಪ್ರಥಮ ಬಹುಮಾನ" ಎಂಬ ಎರಡು ಪದಗಳನ್ನು ನಾನೇ ಹೊಡೆದುಹಾಕಿದ್ದೆ.